ಹೆದ್ದಾರಿಯ ಗಾಳಿಗೂ ಒಂದು ಲೆಕ್ಕ ಬೇಕು

ಮುಂಬಯಿ ಮಹಾನಗರವೂ ಅದರ ನೆರೆಹೊರೆಯ ಪಟ್ಟಣಗಳೂ ಹೆದ್ದಾರಿಗಳನ್ನು ಅಗಲಗೊಳಿಸುವ ಕಾರ್ಯದಲ್ಲಿ ಮಗ್ನವಾಗಿವೆ. ಠಾಣೆಯ ಘೋಡ್‌ಬಂದರ್ ರಸ್ತೆಯ ಇಕ್ಕೆಲದ ಸರ್ವಿಸ್ ರಸ್ತೆಗಳನ್ನು ಮುಖ್ಯ ರಸ್ತೆಯಲ್ಲಿ ಸೇರಿಸಿಕೊಳ್ಳುವ ಯೋಜನೆಯನ್ನು ಇತ್ತೀಚಿನ ವರ್ಷಗಳಲ್ಲಿ ಕೈಗೆತ್ತಿಕೊಳ್ಳಲಾಯಿತು. ಮುಂಬಯಿ-ನಾಸಿಕ ಹೆದ್ದಾರಿಯನ್ನು ಭಿವಂಡಿ ಸಮೀಪದ ವಡಪೆಯಿಂದ ಠಾಣೆಯವರೆಗೆ ಎಂಟು ಪಥಗಳಿಗೆ ಹಿಗ್ಗಿಸುವ ಕೆಲಸ ಬೇರೆ. ನಮ್ಮನ್ನು ಊರಿಗೆ ಒಯ್ಯುವ ಮುಂಬಯಿ-ಗೋವಾ ಹೆದ್ದಾರಿಯ ಚತುಷ್ಪಥ ಕಾಮಗಾರಿಯು 2011ರಲ್ಲಿ ಮೊದಲಾಗಿ, ಹತ್ತು ವರ್ಷ ಕಳೆದರೂ ಮುಗಿಯದೆ ಉಳಿದ ಕಥೆಯನ್ನು ರಾತ್ರಿ ಬಸ್ಸಿನಲ್ಲಿ ಮೈ ನುಗ್ಗಾಗಿಸಿಕೊಂಡ ನಮ್ಮ ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ.

ರಸ್ತೆ ಬೇಡವೆಂಬ ವಾದ ನಮ್ಮದಲ್ಲ. ಗಿರಾಕಿ ಬರುವುದು ರಸ್ತೆಯಿಂದ; ಹಾಲು, ತರಕಾರಿ, ಅಕ್ಕಿ ಬರುವುದೂ ರಸ್ತೆಯಿಂದಲೇ. ಹೋಟೆಲನ್ನು ನಡೆಸಿ ಬಂದ ನಮಗೆ ರಸ್ತೆಯ ಬೆಲೆ ಗೊತ್ತಿದೆ. ಆದರೆ ಯಾವ ರಸ್ತೆಯೇ ಆಗಲಿ, ಎಷ್ಟು ಕೋಟಿ ವೆಚ್ಚವಾಯಿತು, ಎಷ್ಟು ಮೀಟರ್ ಅಗಲವಾಯಿತು, ಎಷ್ಟು ನಿಮಿಷ ಉಳಿಯಿತು ಎಂಬ ಲೆಕ್ಕವನ್ನು ಸರಕಾರವು ಜಾಹೀರಾತು ಕೊಟ್ಟು ಸಾರುತ್ತದೆ. ಆ ರಸ್ತೆಯ ಅಂಚಿನಲ್ಲಿ ಬಾಳುವವನು ಎಂತಹ ಗಾಳಿಯನ್ನು ಉಸಿರಾಡಿದನೆಂಬ ಲೆಕ್ಕವನ್ನು ಯಾರೂ ಇಡುವುದಿಲ್ಲ. ಇಡದ ಲೆಕ್ಕವನ್ನು ಯಾರ ಮುಂದೆಯೂ ಒಪ್ಪಿಸಲಾಗದು. ಆದುದರಿಂದ ಈ ಲೆಕ್ಕವನ್ನು ನಾವೇ ಇಡಬೇಕೆಂಬುದು ಇಂದಿನ ನಮ್ಮ ಸೂಚನೆ.

ಈ ಗಾಳಿಯನ್ನು ಯಾರು ಸೇವಿಸುತ್ತಿದ್ದಾರೆಂಬುದನ್ನು ಮೊದಲು ನೋಡೋಣ. ಕಾರಿನಲ್ಲಿ ಗಾಜು ಏರಿಸಿಕೊಂಡು ಹೋಗುವ ಶ್ರೀಮಂತನಿಗೆ ಹೆದ್ದಾರಿಯ ಸಹವಾಸ ಅರ್ಧ ಗಂಟೆಯದು. ಕಚೇರಿಯ ಗುಮಾಸ್ತನಿಗೆ ಬಸ್ಸಿನ ಕ್ಯೂನಲ್ಲಿ ಕಳೆಯುವ ಬೆಳಗು-ಸಂಜೆಗಳ ಹೊತ್ತಿನದು. ಹೆದ್ದಾರಿಯ ಬದಿಯ ಹೋಟೆಲಿನಲ್ಲಿ ದುಡಿಯುವ ನಮ್ಮ ಹುಡುಗನಿಗಾದರೋ ಅದು ಇಪ್ಪತ್ತನಾಲ್ಕು ಗಂಟೆಗಳ ಸಹವಾಸ. ಬೆಳಗಿನ ಜಾವ ಕಾವಲಿಗೆ ಬೆಂಕಿ ಹಚ್ಚುವಾಗಲೂ ಅದೇ ಗಾಳಿ. ಹನ್ನೆರಡು ಗಂಟೆ ಮೇಜು ಒರಸುವಾಗಲೂ ಅದೇ ಗಾಳಿ. ರಾತ್ರಿ ಬಾಗಿಲು ಹಾಕಿದ ಮೇಲೆ ಅಟ್ಟದ ಮೇಲೆ ಚಾಪೆ ಹಾಸಿದಾಗ, ಹಗಲು ಊರೊಳಗೆ ಪ್ರವೇಶವಿಲ್ಲದ ಭಾರೀ ಲಾರಿಗಳು ಸಾಲುಗಟ್ಟಿ ಹೊರಡುವ ಹೊತ್ತಿಗೆ ಅವನ ತಲೆಯ ಬಳಿ ಬರುವುದೂ ಅದೇ ಗಾಳಿ. ಅವನ ಕೆಮ್ಮನ್ನು 'ಮುಂಬಯಿಯ ನೀರು ಒಗ್ಗಲಿಲ್ಲ' ಎಂದು ನಾವು ತಳ್ಳಿಹಾಕುತ್ತೇವೆ. ನೀರಿನ ಮೇಲೆ ಹೊರಿಸುವ ಈ ಅಪವಾದದಲ್ಲಿ ಗಾಳಿಯ ಪಾಲೆಷ್ಟೆಂದು ಕೇಳುವ ಕಾಲ ಬಂದಿದೆ.

ಹೆದ್ದಾರಿಯ ಗಾಳಿಯಲ್ಲಿ ಕಣ್ಣಿಗೆ ಕಾಣುವ ಧೂಳಿಗಿಂತ ಕಾಣದ ಧೂಳೇ ಹೆಚ್ಚು ಅಪಾಯಕಾರಿ. ತಲೆಗೂದಲಿನ ದಪ್ಪದ ಸುಮಾರು ಮೂವತ್ತರಲ್ಲಿ ಒಂದು ಪಾಲಿನಷ್ಟು ಸಣ್ಣದಾದ ಕಣಗಳಿಗೆ ಪಿ.ಎಂ. 2.5 ಎಂದು ಹೆಸರು. ಮೂಗಿನ ರೋಮ ಅವನ್ನು ತಡೆಯಲಾರದು. ಅವು ಶ್ವಾಸಕೋಶದ ಆಳಕ್ಕೆ ಇಳಿದು ರಕ್ತವನ್ನೂ ಸೇರುತ್ತವೆ. ಡೀಸೆಲ್ ಹೊಗೆಯು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿಯೇ ಖಚಿತವಾಗಿ ಸಾರಿತು. ಹೊಗೆಯೊಂದೇ ಅಲ್ಲದೆ, ಬ್ರೇಕಿನ ಹುಡಿ, ಟೈರಿನ ಹುಡಿ, ಚಕ್ರಗಳು ಎಬ್ಬಿಸುವ ರಸ್ತೆಯ ಮಣ್ಣು, ಕಾಮಗಾರಿ ನಡೆದಿರುವಾಗ ಸಿಮೆಂಟು, ಇವೆಲ್ಲ ಕೂಡಿದ್ದೇ ಹೆದ್ದಾರಿಯ ಗಾಳಿ. ಮುಂದೆ ವಾಹನಗಳೆಲ್ಲ ವಿದ್ಯುತ್ತಿನಿಂದ ಓಡಿದರೂ ಹೊಗೆ ಹೋದೀತು, ಈ ಹುಡಿ ಉಳಿದೀತು.

ನಮ್ಮ ದೇಶದಲ್ಲಿ 2009ರಲ್ಲಿ ನಿಗದಿಯಾದ ಮಟ್ಟದ ಪ್ರಕಾರ, ಒಂದು ಘನಮೀಟರ್ ಗಾಳಿಯಲ್ಲಿ ಪಿ.ಎಂ. 2.5 ಕಣಗಳು ವರ್ಷದ ಸರಾಸರಿಯಲ್ಲಿ 40 ಮೈಕ್ರೋಗ್ರಾಂ, ಯಾವುದೇ ಒಂದು ದಿನದ ಸರಾಸರಿಯಲ್ಲಿ 60 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಹೇಳಿದ ವಾರ್ಷಿಕ ಮಟ್ಟ ಕೇವಲ 5 ಮೈಕ್ರೋಗ್ರಾಂ. ಎಂದರೆ ನಮಗೆ ನಾವೇ ಕೊಟ್ಟುಕೊಂಡ ಸವಲತ್ತು ಎಂಟು ಪಟ್ಟು. ಇಷ್ಟು ಸಡಿಲವಾದ ಮಟ್ಟವನ್ನೂ ರಸ್ತೆಯ ಅಂಚು ದಾಟುತ್ತಿದ್ದರೆ ಅದನ್ನು ತಿಳಿಯುವ ಹಕ್ಕು ಅಲ್ಲಿ ನಿಂತವನಿಗೆ ಇಲ್ಲವೇ?

ಸರಕಾರಿ ಮಾಪಕ ಕೇಂದ್ರಗಳಿವೆಯಲ್ಲಾ ಎಂದು ಕೆಲವರು ಕೇಳಬಹುದು. ಇವೆ, ಅವುಗಳ ಯಂತ್ರಗಳು ಬೆಲೆಬಾಳುವವು, ಅಂಕೆಗಳು ವಿಶ್ವಾಸಾರ್ಹವಾದವು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಎಂಬ ಆ್ಯಪಿನಲ್ಲಿ ಯಾರು ಬೇಕಾದರೂ ಅವನ್ನು ನೋಡಬಹುದು. ಆದರೆ ಕೋಟಿಗೂ ಮೀರಿದ ಜನರಿರುವ ನಗರದಲ್ಲಿ ಪ್ರತಿ ಮೂಲೆಗೂ ಕೇಂದ್ರವಿರುವುದು ಅಸಾಧ್ಯ. ಮೈಲುಗಟ್ಟಲೆ ದೂರದ ಕೇಂದ್ರವು ಆ ಪ್ರದೇಶದ ಸಾಮಾನ್ಯ ಗಾಳಿಯ ಸ್ಥಿತಿಯನ್ನು ಹೇಳೀತೇ ಹೊರತು ನಿಮ್ಮ ಹೋಟೆಲಿನ ಹೊಸ್ತಿಲಿನ ಸ್ಥಿತಿಯನ್ನು ಹೇಳಲಾರದು. ದೊಡ್ಡ ರಸ್ತೆಯ ಹೊಗೆಯ ಪ್ರಭಾವವು ರಸ್ತೆಯಿಂದ 300ರಿಂದ 500 ಮೀಟರುಗಳೊಳಗೆ ಅತ್ಯಧಿಕವೆಂದು ಅಮೆರಿಕದ ಹೆಲ್ತ್ ಎಫೆಕ್ಟ್ಸ್ ಇನ್‌ಸ್ಟಿಟ್ಯೂಟ್ 2010ರ ತನ್ನ ವರದಿಯಲ್ಲಿ ಹೇಳಿದೆ. ಆ ಪಟ್ಟಿಯೊಳಗೇ ನಮ್ಮ ಹೋಟೆಲುಗಳೂ, ಕಾರ್ಮಿಕರ ಖೋಲಿಗಳೂ, ಪುರಸಭೆಯ ಶಾಲೆಗಳೂ ಇರುವುದು.

ಈ ಮಾತಿಗೆ ಅಮೆರಿಕದ ಕ್ಯಾಲಿಫೋರ್ನಿಯಾದ ವೆಸ್ಟ್ ಓಕ್‌ಲ್ಯಾಂಡ್ ಎಂಬ ಬಡಾವಣೆಯು ಒಳ್ಳೆಯ ನಿದರ್ಶನ. ಮೂರು ಹೆದ್ದಾರಿಗಳೂ ಒಂದು ದೊಡ್ಡ ಬಂದರವೂ ಸುತ್ತುವರಿದ, ಬಹುಮಟ್ಟಿಗೆ ಬಡ ಕರಿಯ ಜನರ ವಸತಿ ಅದು. 1989ರ ಭೂಕಂಪದಲ್ಲಿ ಅಲ್ಲಿನ ಸೈಪ್ರೆಸ್ ಮೇಲ್ಸೇತುವೆ ಕುಸಿದಾಗ, ಅದನ್ನು ಮತ್ತೆ ಮನೆಗಳ ನಡುವೆಯೇ ಕಟ್ಟಕೂಡದೆಂದು ನಿವಾಸಿಗಳು ಹೋರಾಡಿದರು. ಹೊಸ ಹೆದ್ದಾರಿ ಬೇರೆ ದಾರಿ ಹಿಡಿಯಿತು. ಆ ಬಳಿಕ ಮಾರ್ಗರೆಟ್ ಗಾರ್ಡನ್ ಎಂಬ ಮಹಿಳೆಯೂ ಅವರ ಸಂಗಡಿಗರೂ ಕೂಡಿ, ಬೀದಿಯಲ್ಲಿ ನಿಂತು ಲಾರಿಗಳನ್ನು ಎಣಿಸಿದರು, ಹೊಗೆಯನ್ನು ಅಳೆದರು, ಆ ಎಣಿಕೆಯನ್ನು ಹಿಡಿದು ನಗರಸಭೆಯ ಮುಂದೆ ಹೋಗಿ, ಲಾರಿಗಳಿಗೆ ಪ್ರತ್ಯೇಕ ಮಾರ್ಗ ಗೊತ್ತುಪಡಿಸಿಕೊಂಡರು. ಮುಂದೆ ಗೂಗಲ್ ಸಂಸ್ಥೆಯ ಕಾರುಗಳಿಗೆ ಮಾಪಕಗಳನ್ನು ಅಳವಡಿಸಿ ಓಕ್‌ಲ್ಯಾಂಡಿನ ಬೀದಿ ಬೀದಿಗಳ ಗಾಳಿಯನ್ನು ಅಳೆದಾಗ, ಒಂದೇ ಬೀದಿಯ ಒಂದು ತುದಿಗೂ ಇನ್ನೊಂದಕ್ಕೂ ಐದರಿಂದ ಎಂಟು ಪಟ್ಟಿನ ವ್ಯತ್ಯಾಸ ಇರಬಹುದೆಂದು ಕಂಡುಬಂತು. ಈ ಅಧ್ಯಯನವು 2017ರಲ್ಲಿ ಪ್ರಕಟವಾಯಿತು. ಅದೇ ವರ್ಷ ಕ್ಯಾಲಿಫೋರ್ನಿಯಾ ರಾಜ್ಯವು ಬಡಾವಣೆಗಳ ಗಾಳಿಯನ್ನು ಅಲ್ಲಿನ ನಿವಾಸಿಗಳನ್ನು ಕೂಡಿಸಿಕೊಂಡೇ ಅಳೆದು ಸುಧಾರಿಸಬೇಕೆಂಬ ಕಾಯಿದೆಯನ್ನು ಮಾಡಿತು. 2019ರಲ್ಲಿ ವೆಸ್ಟ್ ಓಕ್‌ಲ್ಯಾಂಡಿಗೆಂದೇ ಒಂದು ಯೋಜನೆ ಸಿದ್ಧವಾಯಿತು. ಲಾರಿಗಳನ್ನು ಎಣಿಸಲು ನಿಂತವರು ವಿಜ್ಞಾನಿಗಳಲ್ಲ, ಆ ಬೀದಿಯಲ್ಲಿಯೇ ಬಾಳುವ ಸಾಮಾನ್ಯ ಜನರು ಎಂಬುದನ್ನು ನಮ್ಮ ವಾಚಕರು ಗಮನಿಸಬೇಕು.

ಅಷ್ಟು ದೂರ ಹೋಗುವುದೂ ಬೇಕಾಗಿಲ್ಲ. ತಮಿಳುನಾಡಿನ ಕಡಲೂರಿನ ಕೈಗಾರಿಕಾ ಪ್ರದೇಶದಲ್ಲಿ ಹಳ್ಳಿಗರು ಒಂದು ಪ್ಲಾಸ್ಟಿಕ್ ಬಕೆಟ್ಟು ಹಾಗೂ ಅದರೊಳಗೆ ಚೀಲವನ್ನಿಟ್ಟ ಸರಳ ಸಾಧನದಿಂದ ಕಾರ್ಖಾನೆಗಳ ಗಾಳಿಯ ಮಾದರಿಗಳನ್ನು ಹಿಡಿದು ಪ್ರಯೋಗಶಾಲೆಗೆ ಕಳುಹಿಸಿ, 2004ರಲ್ಲಿ ತಮ್ಮ ವರದಿಯನ್ನು ಹೊರತಂದರು. ದುರ್ನಾತವೆಂದು ವರ್ಷಗಟ್ಟಲೆ ದೂರಿದಾಗ ಕಿವಿಗೊಡದವರು ರಸಾಯನಗಳ ಹೆಸರುಗಳ ಪಟ್ಟಿ ಕಂಡಾಗ ಕಿವಿಗೊಡಬೇಕಾಯಿತು.

ಅಂಕೆಗಳಿಗೆ ಇರುವ ಬಲವೇನೆಂಬುದನ್ನು ಲಂಡನ್ನಿನ ಒಂದು ದುಃಖಕರ ಪ್ರಕರಣವೂ ತೋರಿಸುತ್ತದೆ. ಸೌತ್ ಸರ್ಕ್ಯುಲರ್ ಎಂಬ ದಟ್ಟ ಸಂಚಾರದ ರಸ್ತೆಯ ಸಮೀಪ ವಾಸವಾಗಿದ್ದ ಎಲಾ ಕಿಸಿ-ಡೆಬ್ರಾ ಎಂಬ ಒಂಬತ್ತು ವರ್ಷದ ಬಾಲಿಕೆಯು ತೀವ್ರ ಅಸ್ತಮಾದಿಂದ 2013ರ ಫೆಬ್ರುವರಿಯಲ್ಲಿ ಮರಣ ಹೊಂದಿದಳು. ಮೊದಲ ವಿಚಾರಣೆಯಲ್ಲಿ ಗಾಳಿಯ ಮಾತೇ ಬರಲಿಲ್ಲ. ತಾಯಿ ಬಿಡಲಿಲ್ಲ. ಆ ಪ್ರದೇಶದ ಮಾಪಕಗಳಲ್ಲಿ ವರ್ಷಗಳಿಂದ ದಾಖಲಾಗಿದ್ದ ಅಂಕೆಗಳನ್ನೂ, ಬಾಲಿಕೆ ಆಸ್ಪತ್ರೆ ಸೇರಿದ ದಿನಗಳನ್ನೂ ತಜ್ಞರು ಜೊತೆಯಾಗಿಟ್ಟು ನೋಡಿದರು. 2020ರ ಡಿಸೆಂಬರಿನಲ್ಲಿ, ಆಕೆಯ ಮರಣಕ್ಕೆ ವಾಯುಮಾಲಿನ್ಯವೂ ಒಂದು ಕಾರಣವೆಂದು ವಿಚಾರಣಾಧಿಕಾರಿಯು ದಾಖಲಿಸಿದನು. ಆ ಅಂಕೆಗಳು ಬರೆದಿಟ್ಟಿರದಿದ್ದರೆ ತಾಯಿಯ ಅಳಲು ಅಳಲಾಗಿಯೇ ಉಳಿಯುತ್ತಿತ್ತು.

ಈಗ ನಮ್ಮ ಹೋಟೆಲುಗಾರರಿಗೆ ನೇರವಾಗಿ ತಟ್ಟಿದ ಒಂದು ಸಂಗತಿಗೆ ಬರೋಣ. 2025ರ ಜನವರಿಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು, ಸೌದೆ ಮತ್ತು ಇದ್ದಲು ಉರಿಸುವ ಬೇಕರಿ ಮೊದಲಾದ ಉದ್ದಿಮೆಗಳು ಆರು ತಿಂಗಳೊಳಗಾಗಿ ಗ್ಯಾಸು ಅಥವಾ ಇತರ ಶುದ್ಧ ಇಂಧನಕ್ಕೆ ತಿರುಗಬೇಕೆಂದು ಆಜ್ಞಾಪಿಸಿತು. ಬಳಿಕ ಮಹಾನಗರ ಪಾಲಿಕೆಯು ಇದ್ದಲಿನ ತಂದೂರುಗಳುಳ್ಳ ಹೋಟೆಲುಗಳಿಗೂ ನೋಟೀಸು ಕೊಟ್ಟಿತು. ನಮ್ಮ ಧಣಿಗಳಲ್ಲಿ ಹಲವರು ಇದರಿಂದ ಕಿರಿಕಿರಿಗೊಂಡರು. 'ರಸ್ತೆಯ ಮೇಲಿನ ಸಾವಿರ ಲಾರಿಗಳು ಕಾಣದವರಿಗೆ ನಮ್ಮ ಒಂದು ಭಟ್ಟಿ ಕಂಡಿತೇ?' ಎಂಬ ಪ್ರಶ್ನೆ ಗಲ್ಲಾ ಗಲ್ಲಾಗಳಿಂದ ಕೇಳಿಬಂತು.

ಪ್ರಶ್ನೆಯಲ್ಲಿ ಹುರುಳಿದೆ, ಆದರೆ ಭಟ್ಟಿಯನ್ನು ಉಳಿಸಿಕೊಳ್ಳಲು ಅದು ಸಮರ್ಥನೆಯಾಗದು. ಇದ್ದಲಿನ ಹೊಗೆಯನ್ನು ಎಲ್ಲರಿಗಿಂತ ಮೊದಲು ಕುಡಿಯುವವನು ನಮ್ಮದೇ ಅಡುಗೆಯವನು. ಭಟ್ಟಿಯನ್ನು ಬದಲಿಸಲೇಬೇಕು, ಬದಲಿಸಿದ ಮೇಲೆ ಆ ಪ್ರಶ್ನೆಯನ್ನು ಹತ್ತು ಪಟ್ಟು ಗಟ್ಟಿಯಾಗಿ ಕೇಳುವ ಅಧಿಕಾರ ನಮಗೆ ಬರುತ್ತದೆ. 'ಸ್ವಾಮೀ, ನಮ್ಮ ಪಾಲಿನ ಹೊಗೆಯನ್ನು ಆರಿಸಿದ್ದೇವೆ. ನಮ್ಮ ಬಾಗಿಲ ಮುಂದಿನ ನಿಮ್ಮ ಪಾಲಿನ ಧೂಳು ಇಷ್ಟಿದೆ. ಇದೋ ಆರು ತಿಂಗಳ ಲೆಕ್ಕ' ಎಂದು ಹೇಳುವ ಹೋಟೆಲುಗಾರನನ್ನು ಯಾವ ಅಧಿಕಾರಿಯೂ ಸುಲಭವಾಗಿ ಹೊರಗೆ ಕಳುಹಿಸಲಾರನು.

ನಿಯಮಗಳಿಗೆ ಕೊರತೆಯಿಲ್ಲ. 2023ರ ಅಕ್ಟೋಬರಿನಲ್ಲಿ ಮುಂಬಯಿ ಮಹಾನಗರ ಪಾಲಿಕೆಯು ಹೊರಡಿಸಿದ ಮಾರ್ಗಸೂಚಿಯಲ್ಲಿ, ಕಾಮಗಾರಿಯ ಸ್ಥಳಕ್ಕೆ ಮರೆ ಕಟ್ಟಬೇಕು, ಮಣ್ಣಿನ ಮೇಲೆ ನೀರು ಚಿಮುಕಿಸಬೇಕು, ಮಣ್ಣು ಸಾಗಿಸುವ ಲಾರಿಗಳನ್ನು ಮುಚ್ಚಿರಬೇಕು, ಅವುಗಳ ಚಕ್ರಗಳನ್ನು ತೊಳೆದು ಹೊರಬಿಡಬೇಕು, ಸ್ಥಳದಲ್ಲಿ ಗಾಳಿಯ ಮಾಪಕವನ್ನು ಇಡಬೇಕು ಎಂದೆಲ್ಲ ಇದೆ. ಶುದ್ಧ ಗಾಳಿ ಜೀವಿಸುವ ಹಕ್ಕಿನಲ್ಲಿಯೇ ಅಡಕವಾಗಿದೆಯೆಂದು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿಯೇ ಹೇಳಿದೆ. ಇಷ್ಟಾದರೂ ನೀರಿನ ಟ್ಯಾಂಕರು ಬಂತೇ ಇಲ್ಲವೇ ಎಂಬುದನ್ನು ನೋಡುವ ಕಣ್ಣು ಅಲ್ಲಿಯೇ ಇರಬೇಕಾಗುತ್ತದೆ. ಆ ಕಣ್ಣು ಎದುರುಗಡೆಯ ಗಲ್ಲಾದ ಮೇಲೆ ಕುಳಿತವನದು, ಹೊರಗಿನ ಮೇಜು ಒರಸುವವನದು.

ಇನ್ನೊಂದು ಸಂಗತಿ ಬಹುಮಂದಿಗೆ ತಿಳಿದಿಲ್ಲ. ರಾಷ್ಟ್ರೀಯ ಹೆದ್ದಾರಿಯನ್ನು ಅಗಲಗೊಳಿಸಲು ಪರಿಸರದ ಅನುಮತಿಯೂ ಅದರೊಡನೆ ಬರುವ ಸಾರ್ವಜನಿಕ ಅಹವಾಲು ಸಭೆಯೂ ಬೇಕೆಂಬ ನಿಯಮವನ್ನು 2013ರ ತಿದ್ದುಪಡಿಯಲ್ಲಿ ಸಡಿಲಿಸಲಾಯಿತು. 100 ಕಿಲೋಮೀಟರಿಗಿಂತ ಹೆಚ್ಚು ಉದ್ದವಾಗಿದ್ದು, ಇರುವ ದಾರಿಯಲ್ಲಿಯೇ 40 ಮೀಟರಿಗಿಂತ ಹೆಚ್ಚು, ಹೊಸ ದಾರಿ ಅಥವಾ ಬೈಪಾಸಿನಲ್ಲಿ 60 ಮೀಟರಿಗಿಂತ ಹೆಚ್ಚು ಜಾಗ ಬೇಕಾದ ಅಗಲೀಕರಣಕ್ಕೆ ಮಾತ್ರ ಆ ಬಂಧನ ಉಳಿಯಿತು. ಊರೊಳಗಿನ ಹತ್ತಿಪ್ಪತ್ತು ಕಿಲೋಮೀಟರುಗಳ ಅಗಲೀಕರಣದಲ್ಲಿ ನಮ್ಮನ್ನು ಕರೆದು ಕೇಳುವ ಸಭೆಯೇ ಇಲ್ಲವೆಂದಾಯಿತು. ಕರೆಯದ ಸಭೆಗೆ ನಾವು ಲೆಕ್ಕದ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹೋಗಬೇಕಾದ ಕಾರಣ ಇದೇ.

ರಸ್ತೆ ಅಗಲವಾದರೆ ವಾಹನಗಳು ಸರಾಗವಾಗಿ ಸಾಗಿ ಹೊಗೆ ತಾನೇ ಕಡಿಮೆಯಾಗುವುದೆಂದು ವಾದಿಸುವವರುಂಟು. ಕೆಲವು ಕಾಲ ಹಾಗಾಗಲೂಬಹುದು. ಆದರೆ ಅಮೆರಿಕದ ನಗರಗಳನ್ನು ಪರಿಶೀಲಿಸಿ ಡುರಾಂಟನ್ ಮತ್ತು ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಹೆದ್ದಾರಿಯ ಪಥಗಳು ಎಷ್ಟು ಹೆಚ್ಚುತ್ತವೆಯೋ ವಾಹನಗಳ ಓಡಾಟವೂ ಬಹುಮಟ್ಟಿಗೆ ಅಷ್ಟೇ ಹೆಚ್ಚುತ್ತದೆ. ಹೋಟೆಲಿನಲ್ಲಿ ನಾಲ್ಕು ಮೇಜು ಹೆಚ್ಚು ಹಾಕಿದರೆ ಕ್ಯೂ ಕರಗುವುದಿಲ್ಲ, ಇನ್ನಷ್ಟು ಗಿರಾಕಿಗಳು ಬರುತ್ತಾರೆಂಬುದು ನಮಗೆ ಹೊಸ ಮಾತಲ್ಲ. ಯಾವ ವಾದ ಸರಿ ಎಂಬುದನ್ನು ನಮ್ಮ ರಸ್ತೆಯ ಮಟ್ಟಿಗೆ ತೀರ್ಮಾನಿಸಲು ಕಾಮಗಾರಿಗೆ ಮುಂಚಿನ, ನಡುವಿನ ಹಾಗೂ ಅನಂತರದ ಅಂಕೆಗಳು ಬೇಕು. ಮುಂಚಿನ ಅಂಕೆಯನ್ನು ಮುಂಚೆಯೇ ಬರೆದಿಡಬೇಕು. ಆಮೇಲೆ ಅದನ್ನು ಎಲ್ಲಿಂದಲೂ ತರಲಾಗದು.

ಲೆಕ್ಕ ಇಡುವ ಕ್ರಮ ಕಠಿಣವಾದುದಲ್ಲ, ಆದರೆ ಶಿಸ್ತಿನದು. ಬೆಳಕಿನ ಕಿರಣದಿಂದ ಕಣಗಳನ್ನು ಎಣಿಸುವ ಚಿಕ್ಕ ಮಾಪಕಗಳು ಕೆಲವು ಸಾವಿರ ರೂಪಾಯಿಗಳಿಗೆ ಈಗ ದೊರೆಯುತ್ತವೆ. ಒಬ್ಬನಿಗೆ ಭಾರವಾದರೆ ನಾಲ್ಕು ಹೋಟೆಲುಗಳು ಕೂಡಿ ಒಂದನ್ನು ಕೊಳ್ಳಬಹುದು. ಅದನ್ನು ಅಡುಗೆಮನೆಯ ಹೊಗೆಕೊಳವೆಯ ಬಳಿ ಇಟ್ಟರೆ ನಮ್ಮ ಒಗ್ಗರಣೆಯ ಹೊಗೆಯೇ ಅಂಕೆಯಾಗಿ ಬರುತ್ತದೆ. ರಸ್ತೆಯ ಕಡೆ, ಮಳೆ ತಾಗದಂತೆ, ಮನುಷ್ಯನು ಉಸಿರಾಡುವ ಎತ್ತರಕ್ಕೆ ಸಮೀಪವಾಗಿ ಇಡಬೇಕು. ಈ ಸಣ್ಣ ಯಂತ್ರವು ತೇವದ ಗಾಳಿಯಲ್ಲಿ ಹೆಚ್ಚಿನ ಅಂಕೆ ತೋರಿಸುವುದುಂಟು. ಆದುದರಿಂದ ಸಾಧ್ಯವಾದರೆ ಮೊದಲ ಎರಡು ವಾರ ಸರಕಾರಿ ಕೇಂದ್ರವೊಂದರ ಸಮೀಪ ಇಟ್ಟು, ಎರಡರ ಅಂಕೆಗಳಿಗೆ ಎಷ್ಟು ವ್ಯತ್ಯಾಸವೆಂದು ಬರೆದುಕೊಳ್ಳಬೇಕು. ತಕ್ಕಡಿಯನ್ನು ಮೊದಲು ಪರೀಕ್ಷಿಸಿ ಆಮೇಲೆ ತೂಗಿದಂತೆ.

ಇಲ್ಲಿ ನಮ್ಮ ಗುಮಾಸ್ತ ಬಂಧುಗಳ ಪಾತ್ರ ಬರುತ್ತದೆ. ಹೋಟೆಲಿನವನು ಜಾಗವನ್ನೂ ಕಣ್ಣನ್ನೂ ಕೊಡಲಿ; ಗುಮಾಸ್ತನು ಲೇಖನಿಯನ್ನು ಕೊಡಲಿ. ಒಂದು ರಿಜಿಸ್ಟರಿನಲ್ಲಿ ತಾರೀಖು, ಬೆಳಗ್ಗೆ, ಸಂಜೆ, ನಡುರಾತ್ರಿಯ ಅಂಕೆ, ಅದೇ ಹೊತ್ತಿಗೆ ಸಮೀಪದ ಸರಕಾರಿ ಕೇಂದ್ರದ ಅಂಕೆ, ಮಳೆಯಿತ್ತೇ, ಗಾಳಿ ಬೀಸುತ್ತಿತ್ತೇ, ಅಗೆತ ನಡೆದಿತ್ತೇ, ಟ್ಯಾಂಕರು ಬಂದಿತ್ತೇ ಎಂಬ ವಿವರಗಳಿರಲಿ. ವಾಯು ಗುಣಮಟ್ಟದ ಸೂಚ್ಯಂಕವೂ ಮೈಕ್ರೋಗ್ರಾಂ ಅಂಕೆಯೂ ಬೇರೆ ಬೇರೆ ಎಂಬುದನ್ನು ಮರೆಯಬಾರದು, ಪಿ.ಎಂ. 2.5ರ 60 ಮೈಕ್ರೋಗ್ರಾಂ ಸೂಚ್ಯಂಕದಲ್ಲಿ 100 ಎಂದು ಕಾಣುತ್ತದೆ. ಇವೆರಡನ್ನು ಬೆರಸಿದ ಒಂದು ಪುಟ ಸಾಕು, ಎದುರಾಳಿಯು ಇಡೀ ಪುಸ್ತಕವನ್ನು ಎತ್ತಿ ಎಸೆಯಲು. ಗಾಳಿ ಚೆನ್ನಾಗಿದ್ದ ದಿನದ ಅಂಕೆಯನ್ನೂ ತಪ್ಪದೆ ಬರೆಯಬೇಕು. ಲಾಭದ ದಿನಗಳನ್ನು ಮಾತ್ರ ಬರೆದ ಖಾತೆಗೆ ಹೇಗೆ ಬೆಲೆಯಿಲ್ಲವೋ, ಕೆಟ್ಟ ದಿನಗಳನ್ನು ಮಾತ್ರ ಬರೆದ ಖಾತೆಗೂ ಹಾಗೆಯೇ ಬೆಲೆಯಿಲ್ಲ.

ಪುಸ್ತಕ ಕೈಯಲ್ಲಿದ್ದ ಮೇಲೆ ಕೇಳಬೇಕಾದುದು ಸ್ಪಷ್ಟವಾಗಿರಲಿ. ಕಾಮಗಾರಿಯ ಸ್ಥಳದ ಮಾಪಕದ ಅಂಕೆಯನ್ನು ದಾರಿಹೋಕರಿಗೆ ಕಾಣುವಂತೆ ಫಲಕದಲ್ಲಿ ತೋರಿಸಲಿ. ನೀರು ಚಿಮುಕಿಸುವ ವೇಳೆಯನ್ನು ಗೊತ್ತುಮಾಡಲಿ. ಅಗೆದ ಮಣ್ಣನ್ನು ವಾರಗಟ್ಟಲೆ ಬಿಡದೆ ಸಾಗಿಸಲಿ. ಕಡಿದ ಮರಗಳಿಗೆ ಬದಲಾಗಿ ಅದೇ ರಸ್ತೆಯ ಅಂಚಿನಲ್ಲಿ ಗಿಡ ನೆಟ್ಟು ಬೆಳೆಸಲಿ. ಶಾಲೆ, ಆಸ್ಪತ್ರೆ, ವಸತಿಗಳಿರುವಲ್ಲಿ ಸರಕಾರವು ತನ್ನದೇ ಮಾಪಕವನ್ನು ಸ್ಥಾಪಿಸಲಿ. ವಾರ್ಡ್ ಕಚೇರಿಗೂ, ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಗೂ, ರಸ್ತೆ ಕಟ್ಟಿಸುವ ಪ್ರಾಧಿಕಾರಕ್ಕೂ ಏಕಕಾಲದಲ್ಲಿ ಮನವಿ ಹೋಗಲಿ. ಗುತ್ತಿಗೆದಾರನು ಧೂಳಿನ ವಿಷಯದಲ್ಲಿ ಒಪ್ಪಿಕೊಂಡ ಷರತ್ತುಗಳೇನೆಂದು 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಹತ್ತು ರೂಪಾಯಿ ಶುಲ್ಕ ಕೊಟ್ಟು ಕೇಳಬಹುದು. ಪುಣೆಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಪಶ್ಚಿಮ ವಲಯದ ಪೀಠವಿದೆ. ಆದರೆ ಅದು ಕೊನೆಯ ಮೆಟ್ಟಿಲು.

ಧಣಿಗಳ ಮನಸ್ಸಿನ ಭಯವನ್ನು ನಾವು ಬಲ್ಲೆವು. ದೂರು ಕೊಟ್ಟ ಮರುದಿನವೇ ಇನ್‌ಸ್ಪೆಕ್ಟರು ಬಂದು ಫುಟ್‌ಪಾತಿಗೆ ಚಾಚಿದ ಮೇಜನ್ನು ಅಳೆದರೆ? ಒಂಟಿ ಹೋಟೆಲಿನವನಿಗೆ ಈ ಭಯ ಸಹಜ. ಅದಕ್ಕಾಗಿಯೇ ಮಾಪಕವು ಒಬ್ಬನ ಹೆಸರಿನಲ್ಲಿರದೆ ಸಂಘದ ಹೆಸರಿನಲ್ಲಿರಬೇಕು. ನೆರೆಯ ಮರಾಠಿ, ಗುಜರಾಥಿ, ಉತ್ತರ ಭಾರತೀಯ ಅಂಗಡಿಕಾರರನ್ನೂ ಚಾಳಿನ ನಿವಾಸಿಗಳನ್ನೂ ಕೂಡಿಸಿಕೊಳ್ಳಬೇಕು. ಗಾಳಿಗೆ ಭಾಷೆಯಿಲ್ಲ, ಈ ಮನವಿಯು ಕನ್ನಡಿಗರದೆಂದು ಮಾತ್ರ ಹೋದರೆ ಅದರ ಬಲ ಅರ್ಧವಾಗುತ್ತದೆ.

ಕಾರ್ಮಿಕರ ವಿಷಯದಲ್ಲಿ ಧಣಿಗಳಿಗೆ ಒಂದು ಮಾತು. ರಸ್ತೆಯ ಗಾಳಿ ಸುಧಾರಿಸಲು ವರ್ಷಗಳು ಬೇಕಾಗಬಹುದು. ಹುಡುಗರ ಹಾಸಿಗೆಯನ್ನು ರಸ್ತೆಯ ಕಡೆಯ ಅಟ್ಟದಿಂದ ಹಿಂಬದಿಯ ಕೋಣೆಗೆ ಬದಲಿಸಲು ಒಂದು ದಿನ ಸಾಕು. ಅಗೆತದ ದಿನಗಳಲ್ಲಿ ಒಣ ಪೊರಕೆಯ ಬದಲು ಒದ್ದೆ ಬಟ್ಟೆಯಿಂದ ಒರಸುವುದಕ್ಕೆ, ಹೊರಗೆ ನಿಲ್ಲುವವನಿಗೆ ಒಳ್ಳೆಯ ಮಾಸ್ಕು ಕೊಡುವುದಕ್ಕೆ, ಹದಿನೈದು ದಿನ ಕೆಮ್ಮಿದವನನ್ನು ವೈದ್ಯರಲ್ಲಿಗೆ ಕಳುಹಿಸುವುದಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಕಾಗಿಲ್ಲ. ರಸ್ತೆಯವರಿಂದ ನ್ಯಾಯ ಕೇಳುವ ಹೋಟೆಲು ತನ್ನ ಅಟ್ಟದಲ್ಲಿಯೂ ನ್ಯಾಯವನ್ನು ಪಾಲಿಸಬೇಕು.

ಹಗಲೆಲ್ಲ ಲೋಟ ತೊಳೆದು ರಾತ್ರಿ ಶಾಲೆಯ ಬೆಂಚಿನಲ್ಲಿ ಕುಳಿತು ಓದಿದ ಹುಡುಗರ ಪರಂಪರೆ ಮುಂಬಯಿ ಕನ್ನಡಿಗರದು. ಆ ರಾತ್ರಿಶಾಲೆಗಳನ್ನು ಸರಕಾರ ಬಂದು ಕಟ್ಟಿಕೊಡಲೆಂದು ನಮ್ಮ ಹಿರಿಯರು ಕಾಯಲಿಲ್ಲ. ಸಂಘಗಳನ್ನು ಕಟ್ಟಿದರು, ನಾಲ್ಕಾಣೆ ಎಂಟಾಣೆ ಕೂಡಿಸಿದರು, ಪುಸ್ತಕ ಕೊಂಡರು. ಇಂದು ಕೊಳ್ಳಬೇಕಾದುದು ಒಂದು ಮಾಪಕ, ಒಂದು ರಿಜಿಸ್ಟರು. ಹೆದ್ದಾರಿಗಳ ಬದಿಯಲ್ಲಿರುವ ನಮ್ಮ ಸಂಘಗಳು ಬರುವ ಚಳಿಗಾಲಕ್ಕೆ ಮುಂಚೆ, ಎಂದರೆ ಗಾಳಿ ನಿಂತು ಧೂಳು ನೆಲೆಯೂರುವ ತಿಂಗಳುಗಳಿಗೆ ಮುಂಚೆ, ತಲಾ ಒಂದೊಂದು ಮಾಪಕವನ್ನು ಸ್ಥಾಪಿಸಲೆಂದು ನಾವು ವಿನಂತಿಸುತ್ತೇವೆ. ಪರೀಕ್ಷಿಸಿ, ಕ್ರಮಬದ್ಧವಾಗಿ ಬರೆದ ಲೆಕ್ಕ ಯಾವ ಸಂಘದಿಂದ ಬಂದರೂ ಅದನ್ನು ತಿಂಗಳಿಗೊಮ್ಮೆ ಪ್ರಕಟಿಸಲು ನಮ್ಮ ಪತ್ರಿಕೆಯಲ್ಲಿ ಸ್ಥಳ ಕಾದಿರಿಸಿದ್ದೇವೆ.